ಗಾಜಿನ ತೊಟ್ಟಿಯೊಳಗಿನ ಸಹಬಾಳ್ವೆ

ಮಕ್ಕಳ ಒತ್ತಾಯಕ್ಕೆ ಮಣಿದು ಗಾಜಿನ ತೊಟ್ಟಿಯನ್ನೂ ನಾಲ್ಕಾರು ಬಣ್ಣದ ಮೀನುಗಳನ್ನೂ ಮನೆಗೆ ತರುವವರು ಅನೇಕರು. ಹದಿನೈದು ದಿನಗಳಲ್ಲಿ ಮೀನುಗಳು ಒಂದೊಂದಾಗಿ ಸತ್ತು, ಬರಿದಾದ ತೊಟ್ಟಿಯು ಅಟ್ಟವನ್ನು ಸೇರುವುದೂ ಅಷ್ಟೇ ಸಾಮಾನ್ಯ. ನಾವು ಸಾಕಲು ತಂದ ಜೀವದ ಅಳಿವು ಉಳಿವು ನಮ್ಮ ತಿಳಿವಳಿಕೆಯನ್ನೇ ಆಶ್ರಯಿಸಿರುವುದರಿಂದ, ಈ ಹವ್ಯಾಸವನ್ನು ಕೇವಲ ಅಲಂಕಾರವೆಂದು ಎಣಿಸಲಾಗದು.

ಮೀನುಗಳು ವಿಸರ್ಜಿಸುವ ಅಮೋನಿಯವು ಅವುಗಳಿಗೇ ವಿಷ. ಜಲ್ಲಿಯಲ್ಲಿಯೂ ಶೋಧಕದಲ್ಲಿಯೂ ನೆಲೆಸುವ ಸೂಕ್ಷ್ಮಾಣುಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ಅನಂತರ ಅಷ್ಟೇನೂ ಅಪಾಯಕಾರಿಯಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಸೂಕ್ಷ್ಮಾಣುಗಳು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರಗಳು ಬೇಕು. ಹೊಸ ತೊಟ್ಟಿಯಲ್ಲಿ ಮೊದಲ ದಿನವೇ ಬಹಳ ಮೀನುಗಳನ್ನು ಬಿಟ್ಟಾಗ ಅವು ಸಾಯುವುದಕ್ಕೆ ಇದೇ ಮುಖ್ಯ ಕಾರಣ. ಸಜೀವ ಸಸ್ಯಗಳು ಈ ಕಾರ್ಯದಲ್ಲಿ ನೆರವಾಗುತ್ತವೆ. ಅವು ಅಮೋನಿಯವನ್ನೂ ನೈಟ್ರೇಟನ್ನೂ ಹೀರಿ ಬೆಳೆಯುತ್ತವೆ, ಬೆಳಕಿನಲ್ಲಿ ಆಮ್ಲಜನಕವನ್ನು ನೀಡುತ್ತವೆ, ಮರಿಗಳಿಗೆ ಮರೆಯಾಗುತ್ತವೆ.

2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿಯು ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ನೀರಿನ ಭಾರವೇ 55 ಕಿಲೋ ಆಗುವುದರಿಂದ ಗಟ್ಟಿಯಾದ ಪೀಠ ಅವಶ್ಯ. ನೇರ ಬಿಸಿಲು ಬೀಳದೆಡೆ ಇರಿಸಿ, ದಿನಕ್ಕೆ 7-8 ಗಂಟೆ ದೀಪದ ಬೆಳಕು ಕೊಟ್ಟರೆ ಸಾಕು. ಹೆಚ್ಚಾದರೆ ಪಾಚಿಗೆ ಆಹ್ವಾನವಿತ್ತಂತೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಬೇಕು. ನಲ್ಲಿಯ ನೀರಾದರೆ ಅದರಲ್ಲಿನ ಕ್ಲೋರಿನ್ ನಿವಾರಕ ದ್ರಾವಣವನ್ನು ಬಳಸುವುದು ಲೇಸು.

ಅನೇಕ ಜಾತಿಯ ಮೀನುಗಳು ಒಂದೆಡೆ ಬಾಳಬೇಕಾದರೆ ಸ್ವಭಾವವನ್ನರಿತು ಆರಿಸಬೇಕು. ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರಿಗೆ ಗಪ್ಪಿ, ಮಾಲಿ ಹೊಂದಿಕೊಳ್ಳುತ್ತವೆ. ನಿಯಾನ್ ಟೆಟ್ರಾ ಮೆದು ನೀರನ್ನು ಬಯಸುತ್ತದೆ. ಗುಂಪಿನಲ್ಲಿ ಬಾಳುವ ಮೀನುಗಳನ್ನು ಆರಕ್ಕಿಂತ ಕಡಿಮೆ ತರಬಾರದು. ‘ಮಿಸ್ ಕೇರಳ’ ಎಂದು ಅಂಗಡಿಗಳಲ್ಲಿ ಮಾರುವ ಕೆಂಪುಗೆರೆಯ ಮೀನು ನಮ್ಮ ಪಶ್ಚಿಮ ಘಟ್ಟದ್ದೇ. ಅದು ಅಳಿವಿನಂಚಿನ ಪಟ್ಟಿಗೆ ಸೇರಿದ್ದು, ಬೆಳೆದರೆ ಸಾಕಷ್ಟು ದೊಡ್ಡದಾಗುವುದರಿಂದ ಚಿಕ್ಕ ತೊಟ್ಟಿಗೆ ತಕ್ಕುದಲ್ಲ.

ಈ ಹವ್ಯಾಸವನ್ನು ಕಲೆಯ ಮಟ್ಟಕ್ಕೇರಿಸಿದವರಲ್ಲಿ ಜಪಾನಿನ ತಕಾಶಿ ಅಮಾನೊ (1954-2015) ಪ್ರಮುಖರು. ಛಾಯಾಗ್ರಾಹಕರಾದ ಅವರು ಕಲ್ಲು, ಬೇರು, ಸಸ್ಯಗಳಿಂದ ನೀರಿನೊಳಗೆ ನಿಸರ್ಗದ ನೋಟಗಳನ್ನು ರೂಪಿಸಿ, ಅವುಗಳ ಚಿತ್ರಗಳಿಂದಲೇ ಜಗತ್ತಿನ ಹವ್ಯಾಸಿಗಳನ್ನು ಸೆಳೆದರು. 2015ರಲ್ಲಿ ಪೋರ್ಚುಗಲ್ಲಿನ ಲಿಸ್ಬನ್ ನಗರದ ಮತ್ಸ್ಯಾಲಯದಲ್ಲಿ 40 ಮೀಟರ್ ಉದ್ದದ ತೊಟ್ಟಿಯನ್ನು ಅವರು ವಿನ್ಯಾಸಗೊಳಿಸಿದರು.

ಮನೆಯ ತೊಟ್ಟಿಯ ಚಿತ್ರ ತೆಗೆಯುವುದೂ ಕಠಿಣವಲ್ಲ. ಗಾಜನ್ನು ಒಳಹೊರಗೆ ಒರೆಸಿ, ಕೋಣೆಯ ದೀಪಗಳನ್ನಾರಿಸಿ, ತೊಟ್ಟಿಯ ದೀಪವನ್ನಷ್ಟೇ ಉಳಿಸಿಕೊಳ್ಳಬೇಕು. ಕ್ಯಾಮೆರಾದ ಫ್ಲಾಶ್ ಬೇಡ. ಅದು ಗಾಜಿನಲ್ಲಿ ಪ್ರತಿಫಲಿಸುತ್ತದೆ. ಮಸೂರವು ಗಾಜಿಗೆ ನೇರವಾಗಿ, ಮೀನಿನ ಕಣ್ಣಿನ ಮಟ್ಟದಲ್ಲಿರಲಿ. ಮೀನನ್ನು ಬೆನ್ನಟ್ಟದೆ, ಅದು ಬರುವೆಡೆಯಲ್ಲಿ ಕಾಯುವುದು ಜಾಣತನ. ತಿಂಗಳಿಗೊಮ್ಮೆ ಒಂದೇ ಸ್ಥಳದಿಂದ ತೆಗೆದ ಚಿತ್ರಗಳನ್ನು ಹೋಲಿಸಿದರೆ ಯಾವ ಸಸ್ಯ ಬೆಳೆಯಿತು, ಯಾವುದು ಬಾಡಿತು ಎಂಬುದು ಮಕ್ಕಳಿಗೂ ತಿಳಿಯುತ್ತದೆ.

ಬೆಳೆದುದನ್ನು ಹಂಚಿಕೊಳ್ಳುವುದು ಈ ಹವ್ಯಾಸದ ಸೊಗಸು. ಹೈಡ್ರಿಲ್ಲದ ತುಂಡು ಬೇರೂರುತ್ತದೆ. ವ್ಯಾಲಿಸ್ನೇರಿಯವು ಹಂಬಿನಿಂದ ಮರಿಸಸಿಗಳನ್ನು ಕೊಡುತ್ತದೆ. ಗಪ್ಪಿಯು ಸುಮಾರು ತಿಂಗಳಿಗೊಮ್ಮೆ ಮರಿ ಹಾಕುತ್ತದೆ. ನೆರೆಮನೆಯವರಿಗೆ, ಶಾಲೆಗೆ ಇವನ್ನು ಕೊಡಬಹುದು. ಆದರೆ ಬೇಡವಾದ ಮೀನು, ಸಸ್ಯಗಳನ್ನು ಕೆರೆಗಾಗಲಿ ಹೊಳೆಗಾಗಲಿ ಎಂದೂ ಬಿಡಬಾರದು. ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೆಯೇ ತೊಟ್ಟಿಯಿಂದ ಹೊರಬಿದ್ದು ನಮ್ಮ ದೇಶದ ಜಲಾಶಯಗಳಲ್ಲಿ ಬೆಳೆದು, ಸ್ಥಳೀಯ ಮೀನುಗಳಿಗೂ ಬೆಸ್ತರ ಬಲೆಗಳಿಗೂ ಕಂಟಕವಾಗಿದೆ.

ತೊಟ್ಟಿಯೊಳಗಿನ ಜೀವಗಳ ಮೇಲಿನ ಕರುಣೆಯು ಊರ ಕೆರೆಯವರೆಗೂ ಚಾಚಿದಾಗಲೇ ಪೂರ್ಣವಾಗುವುದೆಂದು ನಾವು ಭಾವಿಸುತ್ತೇವೆ. ಈ ಎಚ್ಚರವನ್ನು ಹಿರಿಯರು ಮಕ್ಕಳಿಗೆ ಮೀನಿನೊಡನೆಯೇ ಕೊಡಲಿ.