ಬೆಂಗಳೂರು ಬ್ಲೂಗೂ ಒಂದು ಒಳ್ಳೆಯ ಬಾಟಲಿ ಬೇಕು

ಅಂಬರನಾಥದಿಂದ ಕಲ್ಯಾಣ ದಾಟಿ ಕಸಾರಾ ಘಾಟಿ ಹತ್ತಿದರೆ ನಾಸಿಕದ ದಾರಿ. ಐರೋಲಿಯ ನಮ್ಮ ಆಫೀಸಿನ ಹುಡುಗರು ರಜೆ ಸಿಕ್ಕರೆ ಅಲ್ಲಿನ ವೈನರಿಗಳಿಗೆ ಹೋಗಿಬರುತ್ತಾರೆ. ಸೋಮವಾರ ಕ್ಯಾಬರ್ನೆ, ಶಿರಾಜ್‌ಗಳದ್ದೇ ಮಾತು. ‘ನಿಮ್ಮ ಕಡೆ ಯಾವ ದ್ರಾಕ್ಷಿ?’ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ ಹೆಸರು: ಬೆಂಗಳೂರು ಬ್ಲೂ.

ಚಿಕ್ಕಬಳ್ಳಾಪುರ, ದೇವನಹಳ್ಳಿ, ದೊಡ್ಡಬಳ್ಳಾಪುರ, ಕೋಲಾರದ ಕಡೆ ಚಪ್ಪರದ ಮೇಲೆ ಹಬ್ಬಿ, ವರ್ಷಕ್ಕೆ ಎರಡು ಬೆಳೆ ಕೊಡುವ ಬೀಜದ ಕಪ್ಪು ದ್ರಾಕ್ಷಿ ಇದು. ಮೂಲ ಅಮೆರಿಕದ್ದು, ಇಸಬೆಲ್ಲಾ ತಳಿಯೆಂದು ತಜ್ಞರು ಗುರುತಿಸುತ್ತಾರೆ. ಆದರೂ ಸುಮಾರು ಒಂದೂವರೆ ಶತಮಾನ ನಮ್ಮ ಮಣ್ಣಲ್ಲಿ ಬೆಳೆದ ಮೇಲೆ ನಮ್ಮದಲ್ಲ ಎನ್ನುವುದು ಹೇಗೆ? ಮೆಣಸಿನಕಾಯಿಯೂ ಹೊರಗಿನಿಂದಲೇ ಬಂದದ್ದು. 2013ರಲ್ಲಿ ಇದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು.

ಮಾನ್ಯತೆ ಸಿಕ್ಕಿದರೂ ಮರ್ಯಾದೆ ಸಿಗಲಿಲ್ಲ. ಈ ಹಣ್ಣು ಹೋಗುವುದು ಜ್ಯೂಸಿಗೆ, ಇಲ್ಲವೇ ಅಗ್ಗದ ಸಿಹಿ ಪೋರ್ಟ್ ಮಾದರಿಯ ವೈನಿಗೆ. ನಂದಿಬೆಟ್ಟದ ತಪ್ಪಲಲ್ಲೇ ಗ್ರೋವರ್ ಸಂಸ್ಥೆ ಒಳ್ಳೆಯ ಕೆಂಪು ವೈನ್ ಮಾಡಿ ಹೆಸರು ಗಳಿಸಿದ್ದು ಫ್ರೆಂಚ್ ತಳಿಗಳಿಂದ.

ಇದಕ್ಕೆ ಕಾರಣವಿದೆ. ಈ ಜಾತಿಯ ಹಣ್ಣಿನಲ್ಲಿ ಮಿಥೈಲ್ ಆಂಥ್ರನಿಲೇಟ್ ಎಂಬ ಅಂಶವಿದೆ. ದ್ರಾಕ್ಷಿ ಕ್ಯಾಂಡಿಯ ಆ ಗಾಢ ವಾಸನೆ ಅದರದ್ದೇ. ತಿನ್ನುವಾಗ ಹಿತ, ವೈನಿನಲ್ಲಿ ಬಲ್ಲವರಿಗೆ ಹಿಡಿಸದು. ಹಣ್ಣು ಮಾಗಿದಷ್ಟೂ ವಾಸನೆ ಹೆಚ್ಚು. ಬೇಗ ಕೊಯ್ದರೆ ವಾಸನೆ ಕಡಿಮೆ, ಆದರೆ ಸಕ್ಕರೆಯೂ ಕಡಿಮೆ, ಹುಳಿ ಜಾಸ್ತಿ. ಬ್ಲೆಂಡ್ ಬೇಕಾಗುವುದು ಇಲ್ಲೇ: ಒಂದರ ಕೊರತೆಯನ್ನು ಇನ್ನೊಂದು ತುಂಬಬೇಕು.

ಜೊತೆಗೆ ಬೆರೆಸಲು ದೂರ ಹುಡುಕಬೇಕಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೆಂಗಳೂರು ಬ್ಲೂ ಮತ್ತು ಬ್ಲ್ಯಾಕ್ ಚಂಪಾ ತಳಿಗಳನ್ನು ಸೇರಿಸಿ ‘ಅರ್ಕಾ ಶ್ಯಾಮ್’ ರೂಪಿಸಿದೆ. ಅದು ವೈನಿಗೂ ಆಗುವ ತಳಿ. ಹಳೆಯ ಬಳ್ಳಿಯ ಬೆಂಗಳೂರು ಬ್ಲೂ ಜೊತೆ ಇದನ್ನು ಬೆರೆಸಿದರೆ ಅಮ್ಮ ಮಗಳು ಕೂಡಿ ಮಾಡಿದ ಅಡುಗೆಯಂತೆ.

ಬಳ್ಳಿಗೆ ವಯಸ್ಸಾದಂತೆ ಫಸಲು ಇಳಿಯುತ್ತದೆ. ಇರುವ ಹಣ್ಣಿನಲ್ಲಿ ಸಾರ ಹೆಚ್ಚು ಎಂಬುದು ಅನೇಕ ವೈನ್ ತಯಾರಕರ ನಂಬಿಕೆ. ಆಸ್ಟ್ರೇಲಿಯಾದ ಬರೋಸಾದಲ್ಲಿ 35 ವರ್ಷ ದಾಟಿದ ಬಳ್ಳಿ ‘ಹಳೆಯದು’, 100 ದಾಟಿದ್ದು ‘ಶತಾಯುಷಿ’. ಟರ್ಕಿಯವರು ‘ಎತ್ತಿನ ಕಣ್ಣು’, ‘ಗಂಟಲು ಉರಿ’ ಎಂಬ ಅರ್ಥದ ಓಕುಜ್‌ಗೋಝು, ಬೋವಾಜ್‌ಕೆರೆ ದ್ರಾಕ್ಷಿಗಳನ್ನು ಬೆರೆಸಿ, ಆ ಹೆಸರುಗಳನ್ನೇ ಬಾಟಲಿಯ ಮೇಲೆ ಹೆಮ್ಮೆಯಿಂದ ಹಾಕುತ್ತಾರೆ. ಇಸಬೆಲ್ಲಾದಂಥ ದ್ರಾಕ್ಷಿಗಳಿಂದ ಆಗುವ ಆಸ್ಟ್ರಿಯಾದ ‘ಊಹುಡ್ಲರ್’ ಒಂದು ಕಾಲಕ್ಕೆ ನಿಷಿದ್ಧ. 1992ರಿಂದ ಅದು ಆ ಊರಿನ ಗುರುತು.

ನಮ್ಮಲ್ಲಿ ಸಮಯ ಕಡಿಮೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದಮೇಲೆ ಸುತ್ತಲ ಭೂಮಿಯ ಬೆಲೆ ಏರಿ, ತೋಟಗಳು ಲೇಔಟ್ ಆಗುತ್ತಿವೆ. ಕಿಲೋ ಲೆಕ್ಕದಲ್ಲಿ ಜ್ಯೂಸಿಗೆ ಮಾರುವ ರೈತ, ಫಸಲು ಇಳಿದ ಹಳೆಯ ಬಳ್ಳಿಯನ್ನು ಯಾಕೆ ಉಳಿಸಿಕೊಳ್ಳಬೇಕು? ಆ ಬಳ್ಳಿಗೇ ಹೆಚ್ಚು ಬೆಲೆ ಕೊಡುವ ವೈನರಿ ಬಂದರೆ ಮಾತ್ರ ಅವನ ಲೆಕ್ಕ ಬದಲಾದೀತು. 2007ರ ಕರ್ನಾಟಕದ ವೈನ್ ನೀತಿ, ಅದರ ಬೆನ್ನಿಗೆ ಬಂದ ವೈನ್ ಬೋರ್ಡ್ ಈ ಕೆಲಸಕ್ಕೆ ಕೈಹಾಕಲಿ. ಕಡಿದ ಬಳ್ಳಿಯ ಜಾಗದಲ್ಲಿ ಸಸಿ ನೆಡಬಹುದು, ಐವತ್ತು ವರ್ಷವನ್ನು ನೆಡಲಾಗದು.