ಹೆಸರು ಹೇಳದಿದ್ದರೆ ಗುಟ್ಟು ಉಳಿಯುವುದೇ?

ರೋಗಿಯ ಹೆಸರೊಂದನ್ನು ಬಿಟ್ಟು ಉಳಿದುದನ್ನೆಲ್ಲ ಮನೆಯಲ್ಲಿಯೋ ಗೆಳತಿಯರ ನಡುವೆಯೋ ಹೇಳಿಕೊಂಡರೆ ಗೌಪ್ಯತೆಗೆ, ಅಂದರೆ ಚಿಕಿತ್ಸೆಯ ನಿಮಿತ್ತ ತಿಳಿದ ಸಂಗತಿಯನ್ನು ರೋಗಿಯ ಒಪ್ಪಿಗೆಯಿಲ್ಲದೆ ಹೊರಗೆಡಹದಿರುವ ಹೊಣೆಗೆ, ಭಂಗ ಬರುವುದಿಲ್ಲವೆಂಬ ನಂಬಿಕೆ ಶುಶ್ರೂಷಕಿಯರಲ್ಲಿಯೂ ಅವರ ಮನೆಯವರಲ್ಲಿಯೂ ಬೇರೂರಿದೆ. ವಾಸ್ತವದಲ್ಲಿ ವ್ಯಕ್ತಿಯನ್ನು ಗುರುತಿಸಲು ಹೆಸರೇ ಬೇಕೆಂದಿಲ್ಲ. ತಾಲ್ಲೂಕು ಕೇಂದ್ರದಂತಹ ಸಣ್ಣ ಊರಿನಲ್ಲಿ ಹಳ್ಳಿ, ವಯಸ್ಸು, ಕಸುಬು, ದಾಖಲಾದ ದಿನ ಇವುಗಳಲ್ಲಿ ಎರಡು ಮೂರು ಕೂಡಿದರೆ ಸಾಕು, ಉಳಿದುದನ್ನು ಕೇಳುಗರೇ ಊಹಿಸಿಕೊಳ್ಳುತ್ತಾರೆ. ವಿಷ ಕುಡಿದು ಬಂದ ಹುಡುಗಿಗೆ ಮುಂದಿನ ತಿಂಗಳು ಮದುವೆ ನಿಶ್ಚಯವಾಗಿತ್ತಂತೆ ಎಂಬಷ್ಟು ಮಾತು ಬಸ್ಸಿನಲ್ಲಿ ಯಾರದಾದರೂ ಕಿವಿಗೆ ಬಿದ್ದರೆ, ಅವಳು ವಾರ್ಡಿನಿಂದ ಮನೆಗೆ ಮರಳುವ ಮೊದಲೇ ಸುದ್ದಿ ಅವಳ ಊರನ್ನು ಮುಟ್ಟಬಹುದು. ಹಾಗಾದಾಗ ಆಗುವ ಹಾನಿಯನ್ನು ಯಾವ ಔಷಧವೂ ಸರಿಪಡಿಸಲಾರದು.

ಈ ಹೊಣೆ ವೈದ್ಯರಿಗಷ್ಟೇ ಸೇರಿದ್ದೆಂಬುದೂ ತಪ್ಪು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಕಲಮು ಇದನ್ನು ಮಾನಸಿಕ ಅಸ್ವಸ್ಥರಿಗೆ ಚಿಕಿತ್ಸೆ ನೀಡುವ ಎಲ್ಲ ಆರೋಗ್ಯ ವೃತ್ತಿಪರರ ಮೇಲೆ ಹೊರಿಸಿದೆ. ದೀಪ ಬೆಳಗಿಸುವ ಸಮಾರಂಭದಲ್ಲಿ ಶುಶ್ರೂಷಾ ವಿದ್ಯಾರ್ಥಿನಿಯರು ಸ್ವೀಕರಿಸುವ ನೈಟಿಂಗೇಲ್ ಪ್ರತಿಜ್ಞೆಯೂ ರೋಗಿಯ ಸ್ವಂತ ವಿಷಯಗಳ ಜೊತೆಗೆ ಅವರ ಮನೆತನದ ಸಂಗತಿಗಳನ್ನೂ ಕಾಯಬೇಕೆನ್ನುತ್ತದೆ.

ಗಂಡ ಹೆಂಡಿರ ನಡುವೆ ಮುಚ್ಚುಮರೆ ಏಕೆಂಬ ಸದ್ಭಾವದಿಂದ ರೋಗಿಯ ವಿಷಯವನ್ನು ಅವರ ಸಂಗಾತಿಗೆ ತಿಳಿಸಿಬಿಡುವ ತಪ್ಪು ಇನ್ನೂ ಗಂಭೀರವಾದದ್ದು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ವ್ಯಕ್ತಿಯ ಸೋಂಕನ್ನು ಸಂಗಾತಿಗೆ ತಿಳಿಸುವ ಅಧಿಕಾರ ವೈದ್ಯರಿಗೆ ಅಥವಾ ಆಪ್ತಸಮಾಲೋಚಕರಿಗೆ ಮಾತ್ರ ಇದ್ದು, ಸಂಗಾತಿಗೆ ಸೋಂಕು ತಗಲುವ ಗಣನೀಯ ಅಪಾಯವಿದ್ದಾಗ, ತಾನೇ ತಿಳಿಸುವಂತೆ ಆ ವ್ಯಕ್ತಿಯ ಮನವೊಲಿಸಲು ಯತ್ನಿಸಿದ ಬಳಿಕವೇ ಅವರು ಅದನ್ನು ಬಳಸಬಹುದು. ಶುಶ್ರೂಷಕಿಗೆ ಆ ಅಧಿಕಾರವಿಲ್ಲ.

ಹಾಗೆಂದು ಗೌಪ್ಯತೆಯೆಂದರೆ ಸಂಪೂರ್ಣ ಮೌನವೆಂದು ತಿಳಿಯುವುದೂ ಸಲ್ಲದು. ಪಾಳಿ ಬದಲಾಗುವಾಗ ಸಹೋದ್ಯೋಗಿಗೆ ರೋಗಿಯ ಸ್ಥಿತಿಯನ್ನು ವಿವರಿಸುವುದು ಚಿಕಿತ್ಸೆಯ ಭಾಗವೇ. ತನ್ನ ದಣಿವನ್ನು, ದುಃಖವನ್ನು ಮನೆಯವರೊಡನೆ ಹೇಳಿಕೊಳ್ಳುವ ಹಕ್ಕೂ ಶುಶ್ರೂಷಕಿಗೆ ಇದೆ, ರೋಗಿಯ ಗುರುತು ಮಾತ್ರ ಆ ಮಾತಿನೊಳಗೆ ಬರಬಾರದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ಅರಿವಾದಾಗಲಂತೂ 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯವಾಗಿದ್ದು, ತಿಳಿಸದೆ ಸುಮ್ಮನಿದ್ದವರಿಗೆ ಆರು ತಿಂಗಳವರೆಗೆ ಸೆರೆವಾಸ ವಿಧಿಸಲು ಅವಕಾಶವಿದೆ.