ಖಬೀಬ್ ನುರ್ಮಾಗೊಮೆಡೊವ್ ಸೋಲನ್ನೇ ಕಾಣದೆ ನಿವೃತ್ತರಾದದ್ದೇಕೆ?

ಗುದ್ದು, ಒದೆತ, ಕುಸ್ತಿ ಎಲ್ಲಕ್ಕೂ ಅವಕಾಶವಿರುವ ಮಿಶ್ರ ಸಮರಕಲೆಯಲ್ಲಿ, ಅಂದರೆ ಎಂಎಂಎಯಲ್ಲಿ, ರಷ್ಯಾದ ದಾಗೆಸ್ತಾನದ ಖಬೀಬ್ 2008ರಿಂದ 2020ರವರೆಗೆ ಸೆಣಸಿದ 29 ಪಂದ್ಯಗಳನ್ನೂ ಗೆದ್ದರು. ತಂದೆ ಅಬ್ದುಲ್‌ಮನಾಪ್ ಬಾಲ್ಯದಿಂದಲೇ ಕಲಿಸಿದ ಕುಸ್ತಿಯೇ ಅವರ ನಿಜವಾದ ಬಲ. ಎದುರಾಳಿಯನ್ನು ಪಂಜರದ ಬೇಲಿಗೆ ಒತ್ತಿ, ಕಾಲು ಹಿಡಿದು ಕೆಡವಿ, ಏಳಲೆಂದು ಅವನು ಊರಿದ ಕೈಯ ಮಣಿಕಟ್ಟನ್ನೇ ಸೆಳೆದು ಮತ್ತೆ ನೆಲಕ್ಕೊತ್ತುವ ಆ ಕ್ರಮ ಸರಳವೆಂದು ತೋರಿದರೂ ಅದರಿಂದ ಬಿಡಿಸಿಕೊಂಡವರು ವಿರಳ. 2018ರಲ್ಲಿ ಅವರು ಎಂಎಂಎ ಪಂದ್ಯಗಳನ್ನು ನಡೆಸುವ ಯುಎಫ್‌ಸಿ ಸಂಸ್ಥೆಯ ಲೈಟ್‌ವೇಟ್, ಎಂದರೆ ಸುಮಾರು 70 ಕಿಲೋ ಮಿತಿಯ, ಚಾಂಪಿಯನ್ ಆದರು. 2020ರ ಜುಲೈನಲ್ಲಿ ತಂದೆ ತೀರಿಕೊಂಡರು. ಅಕ್ಟೋಬರ್‌ನಲ್ಲಿ ಅಬುಧಾಬಿಯಲ್ಲಿ ಎದುರಾಳಿ ಜಸ್ಟಿನ್ ಗೇಜಿಯ ಕತ್ತು ಮತ್ತು ಒಂದು ತೋಳನ್ನು ಕಾಲುಗಳ ನಡುವೆ ಬಿಗಿದು ರಕ್ತಸಂಚಾರ ತಡೆಯುವ ‘ಟ್ರಯಾಂಗಲ್ ಚೋಕ್’ ಪಟ್ಟಿನಿಂದ ಗೆದ್ದ ಖಬೀಬ್, ತಂದೆಯಿಲ್ಲದೆ ಇನ್ನು ಸೆಣಸುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿರುವುದಾಗಿ ಅಖಾಡದಲ್ಲೇ ತಿಳಿಸಿ ನಿವೃತ್ತಿ ಘೋಷಿಸಿದರು.